ಕುದುರೆ ಮಾಡೋದು ಪವಾಡ ಅಲ್ಲ

ಇವತ್ತು ರಾಜಕೀಯ ಇಲ್ಲ. ಇವತ್ತು ಕುದುರೆಯ ಬಗ್ಗೆ, ಮಾತು ಬಾರದ ಒಂದು ಮಗುವಿನ ಬಗ್ಗೆ, ಜೊತೆಗೆ ನಾನೇ ಓದಿದ ಒಂದು ತಪ್ಪು ಸುದ್ದಿಯ ಬಗ್ಗೆ ಮಾತಾಡಬೇಕು.

ಹೋದ ವಾರ ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ರಿಸೆಪ್ಷನ್ ಹುಡುಗ ಬಂದು, 'ಸರ್, ಒಬ್ಬರು ಅಮ್ಮ ಮೂರು ದಿನದಿಂದ ಫೋನ್ ಮಾಡ್ತಿದ್ದಾರೆ. ನಿಮ್ಮ ಹತ್ರಾನೇ ಮಾತಾಡಬೇಕಂತೆ' ಅಂದ. ತಗೊಂಡೆ. ಹಾಸನದ ಕಡೆಯವರು. ಮಗನಿಗೆ ಆರು ವರ್ಷ. ಆಟಿಸಂ ಅಂತ ಡಾಕ್ಟರ್ ಹೇಳಿ ಎರಡು ವರ್ಷ ಆಗಿದೆ. ಇನ್ನೂ 'ಅಮ್ಮ' ಅಂತ ಕರೆದಿಲ್ಲ.

'ಸರ್, ಕುದುರೆ ಮೇಲೆ ಕೂರಿಸಿದ್ರೆ ಸರಿ ಹೋಗುತ್ತೆ ಅಂತ ನೀವೇ ಟಿವಿಯಲ್ಲಿ ಹೇಳಿದ್ರಲ್ಲ. ಒಂದು ಕಡೆ ವಿಚಾರಿಸಿದ್ವಿ. ಮಾತು ಬಂದೇ ಬರುತ್ತೆ ಅಂದ್ರು. ಒಂದು ವರ್ಷದ ದುಡ್ಡು ಮೊದಲೇ ಕಟ್ಟಬೇಕಂತೆ. ನನ್ನ ಹತ್ರ ಎರಡೆಳೆ ಸರ ಇದೆ. ಅಡ ಇಡ್ಲಾ ಸರ್?'

ನನ್ನ ಬಾಯಿಂದ ಮಾತು ಹೊರಡಲಿಲ್ಲ. ದಿನಾ ರಾತ್ರಿ ಮಂತ್ರಿಗಳನ್ನ ಕೂರಿಸಿಕೊಂಡು ಪ್ರಶ್ನೆ ಕೇಳೋ ನನಗೆ, ಆ ತಾಯಿಯ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. 'ಅಕ್ಕ, ಸದ್ಯಕ್ಕೆ ಏನೂ ಮಾಡಬೇಡಿ. ಸ್ವಲ್ಪ ಓದಿಕೊಂಡು ನಾನೇ ಫೋನ್ ಮಾಡ್ತೀನಿ' ಅಂದೆ. ಫೋನ್ ಇಡೋ ಮೊದಲು ಅವರು ಮನೆಯ ಎಮ್ಮೆಯ ವಿಷಯ ಏನೋ ಹೇಳಿದರು. ನಾನು ಸರಿಯಾಗಿ ಕಿವಿಗೊಡಲಿಲ್ಲ.

ಆಮೇಲೆ ಲೈಬ್ರರಿಯಿಂದ ಆ ಹಳೇ ಸ್ಟೋರಿ ತೆಗೆಸಿ ನೋಡಿದೆ. ಎರಡೂವರೆ ನಿಮಿಷದ್ದು. ವಿದೇಶದ ಯಾವುದೋ ಮೈದಾನ, ಬಿಳಿ ಕುದುರೆ, ನಗೋ ಮಗು, ಹಿಂದೆ ಕೊಳಲಿನ ಸಂಗೀತ. ಕೆಳಗೆ ದಪ್ಪ ಅಕ್ಷರದಲ್ಲಿ 'ಕುದುರೆ ಏರಿದ್ರೆ ಆಟಿಸಂ ಮಾಯ!' ಅಂತ ಪಟ್ಟಿ. ದನಿ ಯಾರದ್ದು? ನನ್ನದೇ.

ಆ ವಾಕ್ಯ ಸುಳ್ಳು. ಹಾಗಾದ್ರೆ ನಿಜ ಏನು? ಕುದುರೆಯಿಂದ ಏನೂ ಉಪಯೋಗ ಇಲ್ವಾ? ಅದೂ ನಿಜ ಅಲ್ಲ. ಈ ಎರಡರ ಮಧ್ಯೆ ಇರೋ ಸತ್ಯ ಎಷ್ಟು ಅಂತ ಅಳತೆ ಮಾಡಿ ಹೇಳೋದು ನನ್ನ ಇವತ್ತಿನ ಕೆಲಸ.

ಮೊದಲು ಆಟಿಸಂ ಅಂದ್ರೆ ಏನು ಅಂತ ನೋಡೋಣ. ಕನ್ನಡದಲ್ಲಿ ಸ್ವಲೀನತೆ ಅಂತಾರೆ. ತನ್ನಲ್ಲೇ ಲೀನವಾಗಿರೋದು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ವಿವರವಾಗಿ ಬರೆದರು. ಒಂಟಿಯಾಗಿರೋಕೆ ಇಷ್ಟಪಡುವ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ, ದಿನಚರಿ ಸ್ವಲ್ಪ ಬದಲಾದರೂ ತಡೆದುಕೊಳ್ಳಲಾಗದ ಮಕ್ಕಳು ಅವರು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ. ಅಂದ್ರೆ ಒಂದು ಸಾಧಾರಣ ಶಾಲೆ ತಗೊಂಡ್ರೆ, ಅಲ್ಲೇ ಎರಡು ಮೂರು ಮಕ್ಕಳು ಇರಬಹುದು. ಇದು ಜ್ವರದ ಥರ ಬಂದು ಹೋಗೋ ಕಾಯಿಲೆ ಅಲ್ಲ. ಮೆದುಳು ಬೆಳೆಯುವ ರೀತಿಯೇ ಬೇರೆ.

ಒಂದು ಕಾಲದಲ್ಲಿ ಅಮೆರಿಕದಲ್ಲೂ ಇದಕ್ಕೆ ತಾಯಂದಿರನ್ನೇ ದೂರಿದ್ದರು. ಪ್ರೀತಿ ಇಲ್ಲದ, ಫ್ರಿಜ್ಜಿನ ಹಾಗೆ ತಣ್ಣಗಿರೋ ಅಮ್ಮಂದಿರಿಂದ ಮಕ್ಕಳು ಹೀಗಾಗ್ತಾರೆ ಅಂತ ಡಾಕ್ಟರುಗಳೇ ಹೇಳಿದ ದಿನಗಳಿದ್ದವು. ಆ ವಾದ ಸುಳ್ಳು ಅಂತ ಸಾಬೀತಾಗಿ ದಶಕಗಳೇ ಕಳೆದಿವೆ. ಆದರೆ ನಮ್ಮ ಮನೆಗಳಲ್ಲಿ? 'ಬಸುರಿ ಇದ್ದಾಗ ಏನು ತಿಂದ್ಯೋ', 'ಮೊಬೈಲ್ ಕೊಟ್ಟು ಕೆಡಿಸಿದೆ' ಅಂತ ಇವತ್ತಿಗೂ ಅಮ್ಮನ ಮೇಲೇ ಹಾಕ್ತೀವಿ. ಸರ ಅಡ ಇಡೋಕೆ ಒಬ್ಬ ತಾಯಿ ಸಿದ್ಧವಾಗೋದರ ಹಿಂದೆ ಈ ಮಾತುಗಳ ಭಾರವೂ ಇರುತ್ತೆ. ಅದನ್ನ ಮರೀಬೇಡಿ.

ಇನ್ನೊಂದು ಮುಖ್ಯ ಸಂಗತಿ. ಇಂಥ ಅನೇಕ ಮಕ್ಕಳಿಗೆ ಶಬ್ದ, ಬೆಳಕು, ಸ್ಪರ್ಶ ನಮಗೆ ತಾಗುವ ಹಾಗೆ ತಾಗೋದಿಲ್ಲ. ಕೆಲವರಿಗೆ ತುಂಬಾ ಜಾಸ್ತಿ, ಕೆಲವರಿಗೆ ತುಂಬಾ ಕಮ್ಮಿ. ನನ್ನ ಅನುಭವದಿಂದಲೇ ಹೇಳ್ತೀನಿ. ನೀವು ಟಿವಿಯಲ್ಲಿ ನೋಡುವಾಗ ನಾನು ಆರಾಮಾಗಿ ಮಾತಾಡ್ತಿರೋ ಹಾಗೆ ಕಾಣುತ್ತೆ. ಆದರೆ ನನ್ನ ಕಿವಿಯಲ್ಲಿ ಒಂದು ಇಯರ್‌ಪೀಸ್ ಇರುತ್ತೆ. ಅದರಲ್ಲಿ ಪ್ರೊಡ್ಯೂಸರ್ 'ಬ್ರೇಕ್ ತಗೋ, ಬ್ರೇಕ್ ತಗೋ' ಅಂತ ಕೂಗ್ತಿರ್ತಾರೆ. ಎದುರಿಗೆ ನಾಲ್ಕು ಅತಿಥಿಗಳು ಜಗಳ ಆಡ್ತಿರ್ತಾರೆ. ಮೇಲೆ ದೀಪಗಳು ಕಣ್ಣು ಕುಕ್ಕುತ್ತಿರುತ್ತವೆ. ಹೊಸದಾಗಿ ಸೇರಿದಾಗ ಒಂದು ದಿನ ನನ್ನ ಹೆಸರು ಹೇಳೋಕೂ ತಡವರಿಸಿದ್ದೆ. ಒಂದು ಗಂಟೆ ಆದ್ಮೇಲೆ ನಾನು ಇಯರ್‌ಪೀಸ್ ಕಿತ್ತು ಟೇಬಲ್ ಮೇಲೆ ಇಡಬಹುದು. ಆ ಮಗುವಿಗೆ ಕಿತ್ತಿಡೋಕೆ ಆಗೋದಿಲ್ಲ. ನಾವು ಅದನ್ನ 'ಹಠ' ಅಂತೀವಿ.

ಸರಿ, ಇದರಲ್ಲಿ ಕುದುರೆ ಎಲ್ಲಿಂದ ಬಂತು?

ಕುದುರೆ ಬಂದಿದ್ದು ಆಟಿಸಂಗಾಗಿ ಅಲ್ಲ, ಪೋಲಿಯೋದಿಂದ. ಡೆನ್ಮಾರ್ಕಿನಲ್ಲಿ ಲಿಸ್ ಹಾರ್ಟೆಲ್ ಅಂತ ಒಬ್ಬ ಕುದುರೆ ಸವಾರಿಣಿ ಇದ್ದರು. 1944ರಲ್ಲಿ, 23ನೇ ವಯಸ್ಸಿನಲ್ಲಿ, ಹೊಟ್ಟೆಯಲ್ಲಿ ಮಗು ಇರುವಾಗಲೇ ಅವರಿಗೆ ಪೋಲಿಯೋ ಬಂತು. ಮೊಣಕಾಲಿನ ಕೆಳಗೆ ಸ್ವಾಧೀನ ಹೋಯಿತು. ಇನ್ನು ಕುದುರೆ ಮಾತು ಬಿಡು ಅಂದರು ಜನ. ಅವರು ಬಿಡಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಕುದುರೆಯನ್ನ ತಾಳಬದ್ಧವಾಗಿ ನಡೆಸುವ ಡ್ರೆಸಾಜ್ ಸ್ಪರ್ಧೆಗೆ ಹೆಂಗಸರನ್ನ ಮೊದಲ ಬಾರಿಗೆ ಬಿಟ್ಟ ಆ ವರ್ಷವೇ, ಬೆಳ್ಳಿ ಗೆದ್ದರು. ಕುದುರೆ ಹತ್ತೋಕೆ, ಇಳಿಯೋಕೆ ಅವರಿಗೆ ಇನ್ನೊಬ್ಬರ ಸಹಾಯ ಬೇಕಿತ್ತು. ಪದಕದ ಕಟ್ಟೆ ಏರೋಕೆ ಚಿನ್ನ ಗೆದ್ದ ಸ್ವೀಡನ್ನಿನ ಸವಾರನೇ ಕೈ ಹಿಡಿದು ಆಸರೆ ಕೊಟ್ಟ.

ಆ ಬೆಳ್ಳಿ ಪದಕ ಯುರೋಪಿನಲ್ಲಿ ಅನೇಕರ ಕಣ್ಣು ತೆರೆಸಿತು. ಕಾಲಿಲ್ಲದವರಿಗೆ ಕುದುರೆ ಕಾಲಾಗಬಹುದಾದರೆ, ದುರ್ಬಲ ಬೆನ್ನಿಗೆ, ಸೊಂಟಕ್ಕೆ ವ್ಯಾಯಾಮವೂ ಆಗಬಹುದಲ್ವಾ? ಹೀಗೆ ಶುರುವಾದ ಕೇಂದ್ರಗಳು ಬೆಳೆದು, 1969ರಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ವಿಕಲಚೇತನರ ಕುದುರೆ ಸವಾರಿಗಾಗಿಯೇ ರಾಷ್ಟ್ರಮಟ್ಟದ ಸಂಸ್ಥೆಗಳು ಹುಟ್ಟಿಕೊಂಡವು. ಆಟಿಸಂ ಮಕ್ಕಳು ಈ ಮೈದಾನಕ್ಕೆ ಬಂದಿದ್ದು ಆಮೇಲೆ.

ಇದಕ್ಕೆ ಎರಡು ಹೆಸರು ಕೇಳ್ತೀರಿ. ಒಂದು ಹಿಪ್ಪೋಥೆರಪಿ. ಹಿಪ್ಪೋ ಅಂದ ತಕ್ಷಣ ನಮಗೆ ನೆನಪಾಗೋದು ಮೃಗಾಲಯದ ನೀರುಕುದುರೆ. ಗ್ರೀಕ್ ಭಾಷೆಯಲ್ಲಿ ಹಿಪ್ಪೋಸ್ ಅಂದ್ರೆ ಕುದುರೆ, ಪೊಟಮೋಸ್ ಅಂದ್ರೆ ನದಿ. ಹಿಪ್ಪೊಪೊಟಮಸ್ ಅಂದ್ರೆ ನದಿ ಕುದುರೆ. ನಮ್ಮ ನೀರುಕುದುರೆಯೂ ಅದೇ ಅರ್ಥ. ಹಿಪ್ಪೋಥೆರಪಿಯಲ್ಲಿ ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ಸ್ಪೀಚ್ ಥೆರಪಿಸ್ಟ್ ತಮ್ಮ ಚಿಕಿತ್ಸೆಗೆ ಕುದುರೆಯ ನಡಿಗೆಯನ್ನ ಉಪಕರಣದ ಹಾಗೆ ಬಳಸ್ತಾರೆ. ಇನ್ನೊಂದು ಥೆರಪ್ಯೂಟಿಕ್ ರೈಡಿಂಗ್. ಅಲ್ಲಿ ತರಬೇತಿ ಪಡೆದ ಸವಾರಿ ಶಿಕ್ಷಕರು ಮಗುವಿಗೆ ಅದರ ಶಕ್ತಿಗೆ ತಕ್ಕ ಹಾಗೆ ಸವಾರಿಯನ್ನೇ ಕಲಿಸ್ತಾರೆ. ಮೊದಲನೆಯದು ಚಿಕಿತ್ಸೆ, ಎರಡನೆಯದು ಪಾಠ. ಈ ವ್ಯತ್ಯಾಸ ಗೊತ್ತಿಲ್ಲದವರು ಕೇಂದ್ರ ನಡೆಸ್ತಿದ್ದಾರೆ ಅಂದ್ರೆ ಅಲ್ಲೇ ಎಚ್ಚರ ಆಗಿ.

ಈಗ ನನ್ನೊಳಗಿನ ಇಂಜಿನಿಯರ್ ಸ್ವಲ್ಪ ಮಾತಾಡಲಿ. ಕುದುರೆ ನಿಧಾನಕ್ಕೆ ನಡೆಯುವಾಗ ಅದರ ನಾಲ್ಕು ಗೊರಸು ನಾಲ್ಕು ಬೇರೆ ಬೇರೆ ಹೊತ್ತಿಗೆ ನೆಲ ಮುಟ್ಟುತ್ತವೆ. ಕಣ್ಣು ಮುಚ್ಚಿ ಕೇಳಿದರೆ ಟಕ್, ಟಕ್, ಟಕ್, ಟಕ್ ಅಂತ ಸಮನಾದ ನಾಲ್ಕು ಪೆಟ್ಟು. ಆ ನಡಿಗೆಯಲ್ಲಿ ಅದರ ಬೆನ್ನು ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೂರೂ ದಿಕ್ಕಿನಲ್ಲಿ ಅಲುಗುತ್ತೆ. ಮೇಲೆ ಕೂತವರ ಸೊಂಟವೂ ಹಾಗೇ ಅಲುಗುತ್ತೆ. ನಾವು ನೀವು ನಡೆಯುವಾಗ ನಮ್ಮ ಸೊಂಟ ಅಲುಗೋದೂ ಹೆಚ್ಚುಕಮ್ಮಿ ಹೀಗೇ. ಅಂದ್ರೆ ಕೂತಲ್ಲೇ ದೇಹಕ್ಕೆ ನಡಿಗೆಯ ಪಾಠ.

ಪ್ರತಿ ಹೆಜ್ಜೆಗೂ ಮಗುವಿನ ಬೆನ್ನು, ಹೊಟ್ಟೆ, ಕತ್ತು ಸ್ವಲ್ಪ ಸ್ವಲ್ಪ ಹೊಂದಿಕೊಳ್ಳಲೇಬೇಕು, ಇಲ್ಲದಿದ್ರೆ ವಾಲುತ್ತೆ. ನಮ್ಮ ಒಳಗಿವಿಯಲ್ಲಿ ಸಮತೋಲನ ಅಳೆಯುವ ವ್ಯವಸ್ಥೆ ಇದೆ. ಮಾಂಸಖಂಡ, ಕೀಲುಗಳಲ್ಲಿ 'ನನ್ನ ಕೈ ಎಲ್ಲಿದೆ, ಕಾಲು ಎಲ್ಲಿದೆ' ಅಂತ ತಿಳಿಸುವ ನರಗಳಿವೆ. ಕುದುರೆಯ ಮೇಲೆ ಇವೆಲ್ಲಕ್ಕೂ ಒಟ್ಟಿಗೆ, ಒಂದೇ ತಾಳದಲ್ಲಿ ಕೆಲಸ ಸಿಗುತ್ತೆ. ಮುಂದಿನ ಹೆಜ್ಜೆ ಯಾವಾಗ ಬರುತ್ತೆ ಅಂತ ದೇಹಕ್ಕೆ ಗೊತ್ತಿರುತ್ತೆ. ಗದ್ದಲದ ಲೋಕದಲ್ಲಿ ಮುಂದೇನು ಅಂತ ಗೊತ್ತಿಲ್ಲದೆ ಬೆಚ್ಚುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ತಾಳಕ್ಕೆ ಮನಸ್ಸು ಶಾಂತವಾಗುತ್ತೆ ಅನ್ನೋದು ತೊಟ್ಟಿಲು ತೂಗಿದ ಯಾವ ಅಜ್ಜಿಯನ್ನ ಕೇಳಿದರೂ ಹೇಳ್ತಾರೆ.

ಒಂದು ಒಳ್ಳೆ ಕೇಂದ್ರದಲ್ಲಿ ತರಗತಿ ಹೇಗಿರುತ್ತೆ? ಮಗುವನ್ನ ಎತ್ತಿ ಸೀದಾ ಕುದುರೆ ಮೇಲೆ ಕೂರಿಸೋದಿಲ್ಲ. ಮೊದಲು ಲಾಯಕ್ಕೆ ಕರ್ಕೊಂಡು ಹೋಗ್ತಾರೆ. ವಾಸನೆಗೆ, ಸದ್ದಿಗೆ ಒಗ್ಗಿಕೊಳ್ಳಲಿ ಅಂತ. ಮೈ ಉಜ್ಜುವ ಬ್ರಷ್ ಕೈಗೆ ಕೊಡ್ತಾರೆ. ತಲೆಗೆ ಹೆಲ್ಮೆಟ್. ಒಬ್ಬರು ಕುದುರೆಯ ಮುಂದೆ ಹಗ್ಗ ಹಿಡಿದಿರ್ತಾರೆ. ಬೇಕಾದ ಮಗುವಿಗೆ ಎಡಕ್ಕೊಬ್ಬರು, ಬಲಕ್ಕೊಬ್ಬರು ಪಕ್ಕದಲ್ಲೇ ನಡೀತಾರೆ. ಆಮೇಲೆ ಶಿಕ್ಷಕರು ಕಾಯ್ತಾರೆ. ಮಗು 'ನಡಿ' ಅನ್ನಬೇಕು. ಮಾತು ಬರದಿದ್ದರೆ ಕೈಸನ್ನೆ ಮಾಡಬೇಕು, ಅಥವಾ ಚಿತ್ರದ ಕಾರ್ಡ್ ತೋರಿಸಬೇಕು. ತೋರಿಸಿದ ತಕ್ಷಣ ಕುದುರೆ ಹೆಜ್ಜೆ ಇಡುತ್ತೆ. 'ನಿಲ್ಲು' ಅಂದ್ರೆ ನಿಲ್ಲುತ್ತೆ.

ಇಲ್ಲಿ ಏನಾಯ್ತು ಗಮನಿಸಿ. ನಾವು ಮನೆಯಲ್ಲಿ ಮಗುವಿನ ಮುಂದೆ ಕೂತು 'ಹೇಳು ಪುಟ್ಟಾ, ಆಪಲ್ ಹೇಳು, ಆಪಲ್' ಅಂತ ಪೀಡಿಸ್ತೀವಿ. ಹೇಳಿದ್ರೆ ಅದಕ್ಕೆ ಸಿಗೋದೇನು? ನಮ್ಮ ಚಪ್ಪಾಳೆ. ಆ ಚಪ್ಪಾಳೆಯ ಸದ್ದೇ ಅದಕ್ಕೆ ಹಿಂಸೆ ಇರಬಹುದು. ಇಲ್ಲಿ ಹಾಗಲ್ಲ. ಒಂದು ಪದಕ್ಕೆ, ಒಂದು ಸನ್ನೆಗೆ ನಾನೂರು ಐನೂರು ಕಿಲೋ ತೂಕದ ಪ್ರಾಣಿ ಜರುಗುತ್ತೆ. ಸಂವಹನ ಮಾಡಿದ್ರೆ ಲೋಕ ಅಲುಗುತ್ತೆ ಅನ್ನೋದನ್ನ ಮಗು ತನ್ನ ಸೊಂಟದಲ್ಲೇ ಅನುಭವಿಸುತ್ತೆ.

ಕುದುರೆಯೇ ಯಾಕೆ, ನಾಯಿ ಸಾಲದಾ? ನಾಯಿಯನ್ನೂ ಬಳಸ್ತಾರೆ. ಆದರೆ ಕುದುರೆಯ ಸ್ವಭಾವ ಬೇರೆ. ಅದು ಕಾಡಿನಲ್ಲಿ ಹುಲಿ ಸಿಂಹಕ್ಕೆ ಆಹಾರವಾಗ್ತಿದ್ದ ಪ್ರಾಣಿ. ಕಣ್ಣು ತಲೆಯ ಎರಡು ಪಕ್ಕದಲ್ಲಿವೆ, ಎದುರಿಗೆ ನಿಂತು ದಿಟ್ಟಿಸೋದಿಲ್ಲ. ಮೈಮೇಲೆ ಬೀಳೋದಿಲ್ಲ, ಮುಖ ನೆಕ್ಕೋದಿಲ್ಲ. ಆದರೆ ಹತ್ತಿರ ಇರುವವರ ಮೈ ಬಿಗಿಯಾಗಿದೆಯಾ ಸಡಿಲವಾಗಿದೆಯಾ ಅನ್ನೋದನ್ನ ಬಹಳ ಸೂಕ್ಷ್ಮವಾಗಿ ಹಿಡಿಯುತ್ತೆ. ಸ್ವತಃ ಆಟಿಸಂ ಇರುವ ಟೆಂಪಲ್ ಗ್ರಾಂಡಿನ್ ಹೆಸರು ನೀವು ಕೇಳಿರಬಹುದು. 1947ರಲ್ಲಿ ಹುಟ್ಟಿದವರು, ಮಾತು ಬಂದಿದ್ದು ತಡವಾಗಿ. ಮುಂದೆ ಅಮೆರಿಕದ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪ್ರಾಣಿ ವಿಜ್ಞಾನದ ಪ್ರೊಫೆಸರ್ ಆದರು. ಸಹಪಾಠಿಗಳ ಗೇಲಿ ತಡೆಯಲಾಗದ ವಯಸ್ಸಿನಲ್ಲಿ ಹಾಸ್ಟೆಲ್ ಶಾಲೆಯ ಕುದುರೆಗಳನ್ನ ನೋಡಿಕೊಳ್ಳೋದು ತಮಗೆ ಎಷ್ಟು ಆಸರೆಯಾಗಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ತಾನು ಪದಗಳಲ್ಲಿ ಅಲ್ಲ, ಚಿತ್ರಗಳಲ್ಲಿ ಯೋಚಿಸ್ತೀನಿ, ಅದರಿಂದ ಪ್ರಾಣಿಗಳು ಹತ್ತಿರವಾಗ್ತವೆ ಅನ್ನೋದು ಅವರ ಮಾತು. ಆದರೆ ಆಟಿಸಂ ಇರುವ ಎಲ್ಲರೂ ಹೀಗೇ ಯೋಚಿಸ್ತಾರೆ ಅಂತ ತಿಳ್ಕೋಬೇಡಿ.

ಇಷ್ಟು ಕೇಳಿದ ಮೇಲೆ 'ಹಾಗಾದ್ರೆ ನಿಮ್ಮ ಸ್ಟೋರಿ ಸರಿಯಾಗೇ ಇತ್ತಲ್ಲ' ಅನ್ನಿಸಬಹುದು. ಇಲ್ಲ. ತಪ್ಪು ಎಲ್ಲಾಯ್ತು ಹೇಳ್ತೀನಿ.

ರೂಪರ್ಟ್ ಐಸಾಕ್ಸನ್ ಅಂತ ಒಬ್ಬ ಲೇಖಕ. ಅಮೆರಿಕದ ಟೆಕ್ಸಾಸ್‌ನಲ್ಲಿದ್ದರು. ಮಗನಿಗೆ ಆಟಿಸಂ ಅಂತ 2004ರಲ್ಲಿ ಗೊತ್ತಾಯ್ತು. ಒಂದು ದಿನ ಆ ಮಗು ಓಡಿಹೋಗಿ ಪಕ್ಕದ ಜಮೀನಿನ ಬೆಟ್ಸಿ ಅನ್ನೋ ಹೆಣ್ಣು ಕುದುರೆಯ ಕಾಲಡಿ ಮಲಗಿಬಿಟ್ಟಿತು. ಕುದುರೆ ತುಳೀಲಿಲ್ಲ, ತಲೆ ತಗ್ಗಿಸಿ ನಿಂತಿತು. ಅಪ್ಪ ಮಗನನ್ನ ಅದರ ಮೇಲೆ ಕೂರಿಸಿಕೊಂಡು ಸವಾರಿ ಶುರುಮಾಡಿದರು. ಮಗು ಶಾಂತವಾಯ್ತು, ಪದಗಳು ಬಂದವು. 2007ರಲ್ಲಿ ಮಗನನ್ನ ಕರ್ಕೊಂಡು ಮಂಗೋಲಿಯಾಕ್ಕೆ ಹೋಗಿ ಕುದುರೆ ಮೇಲೆ ಊರೂರು ತಿರುಗಿದರು. 2009ರಲ್ಲಿ 'ದಿ ಹಾರ್ಸ್ ಬಾಯ್' ಪುಸ್ತಕ ಬಂತು, ಸಾಕ್ಷ್ಯಚಿತ್ರವೂ ಬಂತು, ಲೋಕವೆಲ್ಲ ಓದಿತು. ಆ ತಂದೆ ಸ್ಪಷ್ಟವಾಗಿ ಹೇಳಿದ್ದರು: ನನ್ನ ಮಗನಿಗೆ ಆಟಿಸಂ ಈಗಲೂ ಇದೆ, ಅವನನ್ನ ಕಾಡುತ್ತಿದ್ದ ಕೆಲವು ಕಷ್ಟಗಳು ಹೋಗಿವೆ ಅಂತ. ಆದರೆ ಸುದ್ದಿಮನೆಗಳು 'ಕಷ್ಟ ಕಮ್ಮಿಯಾಯ್ತು' ಅನ್ನೋದನ್ನ 'ವಾಸಿಯಾಯ್ತು' ಅಂತ ಮಾಡಿದವು. 'ವಾಸಿಯಾಯ್ತು' ಅನ್ನೋದನ್ನ ನಾನು 'ಮಾಯ' ಅಂತ ಮಾಡಿದೆ.

ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ ಏನು ಗೊತ್ತಾ? ಒಂದು ಸಲಕ್ಕೆ ಒಂದೇ ಗುಂಡಿ ತಿರುಗಿಸು. ಐದು ಗುಂಡಿ ಒಟ್ಟಿಗೆ ತಿರುಗಿಸಿ ದೀಪ ಹತ್ತಿದ್ರೆ, ಯಾವ ಗುಂಡಿಯಿಂದ ಹತ್ತಿತು ಅಂತ ಹೇಳೋಕಾಗಲ್ಲ. ಆ ಹುಡುಗನ ವಿಷಯದಲ್ಲಿ ಕುದುರೆ ಇತ್ತು, ಅಪ್ಪನ ಪೂರ್ತಿ ಸಮಯ ಇತ್ತು, ಬಯಲು ಇತ್ತು, ಪ್ರಯಾಣ ಇತ್ತು, ವಯಸ್ಸೂ ಏರುತ್ತಿತ್ತು. ಯಾವುದರಿಂದ ಎಷ್ಟು?

ಇದನ್ನ ಬಿಡಿಸಿ ನೋಡೋ ಪ್ರಯತ್ನ ಕೊಲರಾಡೋದಲ್ಲೇ ನಡೆಯಿತು. ರಾಬಿನ್ ಗೇಬ್ರಿಯಲ್ಸ್ ಅನ್ನೋ ಸಂಶೋಧಕಿ ಮತ್ತು ಅವರ ತಂಡ 2015ರಲ್ಲಿ ಫಲಿತಾಂಶ ಪ್ರಕಟಿಸಿತು. 6ರಿಂದ 16 ವರ್ಷದ, ಆಟಿಸಂ ಇರುವ 116 ಮಕ್ಕಳು. ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ, 58 ಮತ್ತು 58 ಅಂತ ಎರಡು ಗುಂಪು. ಒಂದು ಗುಂಪಿಗೆ 10 ವಾರ ಕುದುರೆ ಸವಾರಿ. ಇನ್ನೊಂದು ಗುಂಪಿಗೂ 10 ವಾರ, ಅದೇ ರೀತಿಯ ಪಾಠ, ಕುದುರೆಯ ಬಗ್ಗೆಯೇ ಪಾಠ, ಆದರೆ ಜೀವಂತ ಕುದುರೆಯನ್ನ ಮುಟ್ಟೋ ಹಾಗಿಲ್ಲ. ಅದರ ಬದಲು ಕುದುರೆಯಷ್ಟೇ ದೊಡ್ಡದಾದ ಬೊಂಬೆ. ನೋಡಿದ್ರಾ? ಬೇರೆ ಎಲ್ಲಾ ಗುಂಡಿ ಹಾಗೇ ಇಟ್ಟು ಒಂದೇ ಗುಂಡಿ ತಿರುಗಿಸಿದ್ದು.

ಫಲಿತಾಂಶ ಏನು? ಕುದುರೆ ಏರಿದ ಮಕ್ಕಳಲ್ಲಿ ಕಿರಿಕಿರಿ, ರಂಪ ಕಮ್ಮಿಯಾಯ್ತು. ಚಡಪಡಿಕೆ ಕಮ್ಮಿಯಾಯ್ತು. ಐದನೇ ವಾರದ ಹೊತ್ತಿಗೇ ವ್ಯತ್ಯಾಸ ಕಾಣಿಸಿತು. ಮಾತಿನ ಪರೀಕ್ಷೆಯಲ್ಲಿ ಅವರು ಆಡಿದ ಒಟ್ಟು ಪದಗಳೂ ಹೆಚ್ಚಿದವು, ಬೇರೆ ಬೇರೆ ಪದಗಳೂ ಹೆಚ್ಚಿದವು. ಇನ್ನೊಬ್ಬರ ಜೊತೆ ಬೆರೆಯುವ, ಅರ್ಥ ಮಾಡಿಕೊಳ್ಳುವ ಅಂಕಗಳೂ ಸುಧಾರಿಸಿದವು.

ಈಗ ಈ ಫಲಿತಾಂಶ ಹೇಳದೇ ಇರೋದನ್ನೂ ಕೇಳಿ. ಯಾವ ಮಗುವಿನ ಆಟಿಸಂ ಕೂಡ ಹೋಯಿತು ಅಂತ ಅದು ಹೇಳಲಿಲ್ಲ. ಸುಧಾರಣೆಯ ಅಳತೆ ಮಧ್ಯಮ, ಪವಾಡದ ಅಳತೆ ಅಲ್ಲ. ಕಿರಿಕಿರಿ ಕಮ್ಮಿಯಾಯ್ತಾ ಅಂತ ವಾರ ವಾರ ಅಂಕ ಕೊಟ್ಟವರು ಮಕ್ಕಳನ್ನ ನೋಡಿಕೊಳ್ಳುವವರೇ, ಯಾವ ಮಗು ಕುದುರೆ ಏರುತ್ತಿದೆ ಅಂತ ಅವರಿಗೆ ಗೊತ್ತಿತ್ತು. ಆಸೆಯ ಕಣ್ಣಿಗೆ ಸ್ವಲ್ಪ ಜಾಸ್ತಿಯೇ ಕಾಣುತ್ತೆ, ಅದು ಮನುಷ್ಯ ಸಹಜ. ಇನ್ನೊಂದು, ಇದು ಸರಾಸರಿ. ಸರಾಸರಿಯೊಳಗೆ ತುಂಬಾ ಲಾಭ ಪಡೆದ ಮಗುವೂ ಇರುತ್ತೆ, ಏನೂ ಆಗದ ಮಗುವೂ ಇರುತ್ತೆ. ನಿಮ್ಮ ಮಗು ಯಾವುದು ಅಂತ ಮೊದಲೇ ಯಾರೂ ಹೇಳಲಾರರು. 'ಗ್ಯಾರಂಟಿ' ಅಂದವರು ಸುಳ್ಳು ಹೇಳ್ತಿದ್ದಾರೆ.

ಹಾಗಾದ್ರೆ ನಮ್ಮ ತಂದೆ ತಾಯಂದಿರು ಏನು ಮಾಡಬೇಕು?

ಮೊದಲನೆಯದು, ಕುದುರೆ ಮೊದಲ ಮೆಟ್ಟಿಲು ಅಲ್ಲ. ಮೊದಲ ಮೆಟ್ಟಿಲು ತಪಾಸಣೆ, ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣ. ಎಷ್ಟು ಬೇಗ ಶುರುಮಾಡಿದ್ರೆ ಅಷ್ಟು ಒಳ್ಳೇದು. 'ಅವರಪ್ಪನೂ ತಡವಾಗೇ ಮಾತಾಡಿದ್ದು' ಅಂತ ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ದೇಶದ ಬೇರೆ ಬೇರೆ ಕಡೆಯಿಂದ ಜನ ಹುಡುಕಿಕೊಂಡು ಬರ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಇವೆರಡೂ ಸರ್ಕಾರಿ ಸಂಸ್ಥೆಗಳು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಇದೆ, ಅದಕ್ಕಾಗಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅನ್ನೋ ಕೇಂದ್ರಗಳನ್ನ ಮಾಡಿದ್ದಾರೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಕೇಳಿ.

ಎರಡನೆಯದು, ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಸೇರಿದೆ. ಯುಡಿಐಡಿ ಕಾರ್ಡ್ ಮಾಡಿಸಿ. 'ಕಾರ್ಡ್ ಮಾಡಿಸಿದ್ರೆ ಹಣೆಪಟ್ಟಿ ಹಚ್ಚಿದ ಹಾಗಾಗುತ್ತೆ' ಅಂತ ಹಿಂಜರೀಬೇಡಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಅನ್ನೋ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ಚಿನ್ನ ಅಡ ಇಡೋ ಮೊದಲು ಈ ಬಾಗಿಲುಗಳನ್ನ ತಟ್ಟಿ.

ಮೂರನೆಯದು, ಇಷ್ಟೆಲ್ಲ ನಡೀತಿದೆ, ಜೊತೆಗೆ ಕುದುರೆಯನ್ನೂ ನೋಡೋಣ ಅನ್ನೋ ಅನುಕೂಲ ಇದೆ ಅಂದ್ರೆ ಖಂಡಿತ ನೋಡಿ. ಆದರೆ ಮೈದಾನಕ್ಕೆ ಹೋಗಿ ಈ ಪ್ರಶ್ನೆಗಳನ್ನ ಕೇಳಿ. ಮಗುವಿನ ಹೊಣೆ ಹೊತ್ತಿರೋದು ಯಾರು, ಅವರು ಓದಿರೋದೇನು? ಸ್ಪೀಚ್ ಥೆರಪಿಸ್ಟ್ ಅಥವಾ ವಿಶೇಷ ಶಿಕ್ಷಕರು ಅಂತ ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ? 10 ವಾರದಲ್ಲಿ ನನ್ನ ಮಗುವಿನಲ್ಲಿ ಏನು ಬದಲಾವಣೆ ನಿರೀಕ್ಷಿಸ್ತೀರಿ, ಅದನ್ನ ಹೇಗೆ ಅಳೀತೀರಿ, ಬರೆದು ಕೊಡ್ತೀರಾ? ಹೆಲ್ಮೆಟ್ ಇದೆಯಾ, ಪಕ್ಕದಲ್ಲಿ ನಡೆಯೋಕೆ ಜನ ಇದ್ದಾರಾ? ಕುದುರೆ ದಿನಕ್ಕೆ ಎಷ್ಟು ಮಕ್ಕಳನ್ನ ಹೊರುತ್ತೆ, ಅದಕ್ಕೆ ವಿಶ್ರಾಂತಿ ಇದೆಯಾ? ದಣಿದ ಕುದುರೆ ಅಪಾಯ. ಮಗುವಿಗೆ ಫಿಟ್ಸ್ ಇದ್ದರೆ, ಕತ್ತು ಬೆನ್ನಿನ ತೊಂದರೆ ಇದ್ದರೆ, ಕೂದಲು ಧೂಳಿನ ಅಲರ್ಜಿ ಇದ್ದರೆ ಮೊದಲು ನಿಮ್ಮ ಡಾಕ್ಟರನ್ನ ಕೇಳಿ. ದುಡ್ಡು ವರ್ಷದ್ದು ಒಟ್ಟಿಗೆ ಕಟ್ಟಬೇಡಿ, ಒಂದೊಂದು ತರಗತಿಗೆ ಕೊಡಿ. 'ಸ್ಪೀಚ್ ಥೆರಪಿ ನಿಲ್ಲಿಸಿ, ಕುದುರೆ ಒಂದೇ ಸಾಕು' ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಮಾತು. ಬೀಚಿನಲ್ಲಿ, ಜಾತ್ರೆಯಲ್ಲಿ ಐವತ್ತು ರೂಪಾಯಿಗೆ ಒಂದು ಸುತ್ತು ಹಾಕಿಸೋದು ಥೆರಪಿ ಅಲ್ಲ. ರೇಸ್ ಕುದುರೆಯೂ ಎಲ್ಲವೂ ಇದಕ್ಕೆ ಬರೋದಿಲ್ಲ. ಓಡೋಕೆ ಬೆಳೆಸಿದ ಪ್ರಾಣಿಗೆ ಪಕ್ಕದಲ್ಲಿ ಮಗು ಕಿರುಚಿದಾಗ ಸುಮ್ಮನೆ ನಿಲ್ಲೋದನ್ನ ಬೇರೆಯಾಗೇ ಕಲಿಸಬೇಕಾಗುತ್ತೆ. ಆದರೆ ಒಂದು ಆಸೆ ಹೇಳಿಕೊಳ್ತೀನಿ. ಮೈಸೂರಿನಲ್ಲಿ ದಸರಾ ಮೆರವಣಿಗೆಗೆ ಬರುವ ಅಶ್ವಾರೋಹಿ ಪೊಲೀಸ್ ದಳ ಇದೆ. ಅದೇ ಊರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಜನಸಂದಣಿಗೆ, ಪಟಾಕಿಗೆ, ವಾದ್ಯಕ್ಕೆ ಬೆದರದ ಹಾಗೆ ಪಳಗಿದ ಕುದುರೆಗಳು ಒಂದು ಕಡೆ. ಮಾತಿನ ತಜ್ಞರು ಇನ್ನೊಂದು ಕಡೆ. ಇಬ್ಬರೂ ಕೂತು ಒಂದು ಸಣ್ಣ ಪ್ರಯೋಗ ಮಾಡಬಾರದಾ? ಅಳತೆ ಮಾಡಿ, ಲೆಕ್ಕ ಇಟ್ಟು, ಬಡವರ ಮಕ್ಕಳಿಗೆ ಉಚಿತವಾಗಿ? ಸರ್ಕಾರದಲ್ಲಿ ಯಾರಾದ್ರೂ ಇದನ್ನ ನೋಡ್ತಿದ್ರೆ ದಯವಿಟ್ಟು ಯೋಚನೆ ಮಾಡಿ.

ಮೊನ್ನೆ ಆ ತಾಯಿಗೆ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ. 'ಅಕ್ಕ, ನಾನು ಟಿವಿಯಲ್ಲಿ ಹೇಳಿದ್ದು ತಪ್ಪು. ಸರ ಅಡ ಇಡಬೇಡಿ. ಮೊದಲು ಮೈಸೂರಿಗೆ ಹೋಗಿ' ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಹಾಗಾದ್ರೆ ಕುದುರೆ ಬೇಡ್ವಾ ಸರ್?' ಅಂದರು. ಆ ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆ ಹೆಚ್ಚಿತ್ತು. ಸುಳ್ಳು ಸುದ್ದಿಯ ನಿಜವಾದ ಬೆಲೆ ನನಗೆ ಆಗ ಗೊತ್ತಾಯ್ತು. ನಾವು ಅವರಿಗೆ ಒಂದು ಆಸೆ ಕೊಟ್ಟಿದ್ವಿ. ಈಗ ಅದನ್ನ ನಾವೇ ವಾಪಸ್ ಕಿತ್ಕೊಳ್ತಿದ್ವಿ.

'ಬೇಡ ಅಂತಲ್ಲ ಅಕ್ಕ. ಅದು ಆಮೇಲೆ. ಹತ್ತಿರದಲ್ಲಿ ಒಳ್ಳೆ ಕಡೆ ಸಿಕ್ಕಿದ್ರೆ, ಕೈಗೆಟಕಿದ್ರೆ' ಅಂದೆ. ಆಮೇಲೆ ನೆನಪಾಗಿ ಕೇಳಿದೆ, 'ಅವತ್ತು ಎಮ್ಮೆ ವಿಷಯ ಏನೋ ಹೇಳ್ತಿದ್ರಲ್ಲ?'

'ಅದಾ ಸರ್? ಮನೆಗೆ ಯಾರಾದ್ರೂ ನೆಂಟರು ಬಂದು ಗಲಾಟೆ ಆದ್ರೆ ನಮ್ಮ ಹುಡುಗ ಕೊಟ್ಟಿಗೆಗೆ ಹೋಗಿ ಎಮ್ಮೆ ಪಕ್ಕ ಕೂತ್ಕೋತಾನೆ. ಅದು ಮೆಲುಕು ಹಾಕ್ತಾ ಇರುತ್ತೆ, ಇವನು ಸುಮ್ಮನೆ ಅದರ ಮೈಗೆ ಒರಗಿಕೊಂಡಿರ್ತಾನೆ. ನಮ್ಮತ್ತೆ ಬೈತಾರೆ, ಗಲೀಜು ಅಂತ. ನಾನು ಎಳ್ಕೊಂಡು ಬರ್ತೀನಿ.'

ಎಮ್ಮೆ ಥೆರಪಿ ಅಂತ ನಾನು ಹೇಳೋದಿಲ್ಲ. ಇನ್ನೊಂದು ಬ್ರೇಕಿಂಗ್ ನ್ಯೂಸ್ ನನಗೆ ಬೇಡ. ಆದರೆ ಆ ಹುಡುಗ ತನಗೆ ಏನು ಬೇಕು ಅಂತ ಮಾತಿಲ್ಲದೆಯೇ ಹೇಳ್ತಿದ್ದಾನೆ. ದಿಟ್ಟಿಸದ, ಅವಸರ ಮಾಡದ, 'ಯಾಕೋ ಮಾತಾಡಲ್ಲ?' ಅಂತ ಕೇಳದ ಒಂದು ಜೊತೆ ಬೇಕು. ತಾಳ ತಪ್ಪದ ಒಂದು ಉಸಿರು ಬೇಕು. ಕೊಲರಾಡೋದ ಕುದುರೆ ಕೊಟ್ಟಿದ್ದರಲ್ಲಿ ಒಂದಂಶ ಬಹುಶಃ ಅದೇ. 'ಅಕ್ಕ, ಮೈಸೂರಿಗೆ ಹೋದಾಗ ಥೆರಪಿಸ್ಟ್ ಹತ್ರ ಈ ಎಮ್ಮೆ ವಿಷಯ ಮರೀದೆ ಹೇಳಿ. ಅವನಿಗೆ ಏನು ಇಷ್ಟ ಅನ್ನೋದು ಅವರಿಗೆ ಬೇಕಾಗುತ್ತೆ. ಅಲ್ಲೀವರೆಗೆ ಹುಷಾರಾಗಿ ನೋಡಿಕೊಂಡು, ಸ್ವಲ್ಪ ಹೊತ್ತು ಕೂರೋಕೆ ಬಿಡಿ. ಆದ್ರೆ ನೀವೂ ಪಕ್ಕದಲ್ಲಿ ಕೂತ್ಕೊಳ್ಳಿ, ಸುಮ್ಮನೆ' ಅಂದೆ.

'ಬಟ್ಟೆ ಕೊಳೆ ಆಗುತ್ತೆ ಸರ್' ಅಂತ ನಕ್ಕರು. ಮೂರು ಫೋನುಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು. ಮುಂದಿನ ತಿಂಗಳು ಮೈಸೂರಿಗೆ ಹೋಗ್ತಾರೆ.

ಕೊನೆಗೆ, ನಮ್ಮ ವಾಹಿನಿಯಲ್ಲಿ ನನ್ನ ದನಿಯಲ್ಲೇ ಬಂದ 'ಕುದುರೆ ಏರಿದ್ರೆ ಆಟಿಸಂ ಮಾಯ' ಅನ್ನೋ ಸುದ್ದಿ ತಪ್ಪು. ಅದನ್ನ ನಂಬಿ ಯಾರಾದ್ರೂ ದುಡ್ಡು ಕಟ್ಟಿದ್ದರೆ, ಥೆರಪಿ ನಿಲ್ಲಿಸಿದ್ದರೆ, ಅವರಲ್ಲಿ ಕ್ಷಮೆ ಕೇಳ್ತೀನಿ. ನಾಳೆಯೇ ಮತ್ತೆ ಥೆರಪಿಗೆ ಕರ್ಕೊಂಡು ಹೋಗಿ. ಮಗು ಒಂದು ಪದ ಹೊಸದಾಗಿ ಹೇಳಿದ ದಿನ ನನಗೆ ಫೋನ್ ಮಾಡಿ. ಅದನ್ನ ಸುದ್ದಿ ಮಾಡೋದಿಲ್ಲ, ಸುಮ್ಮನೆ ಕೇಳಿಸಿಕೊಳ್ತೀನಿ.